ಎಡಗಡೆ ಬಿದ್ದ ಹೂವು

ವಿಮಾನ ಹೊರಡುವ ಮುನ್ನ ಹವಾಮಾನ ವರದಿ ಓದಿ ಪೈಲಟ್‌ಗೆ ವಿವರ ಕೊಡುವುದು ನನ್ನ ಕೆಲಸ. ತಿಪ್ಪಸಂದ್ರದ ಕಡೆಯ ನಮ್ಮ ಊರಿನಲ್ಲಿ ಇದನ್ನು ಯಾರಿಗೂ ಅರ್ಥ ಮಾಡಿಸಲು ಆಗಿಲ್ಲ. "ನನ್ ಮಗ ಹೂಂ ಅಂದ್ರೇನೇ ಪ್ಲೇನು ಮೇಲಕ್ಕೇಳೋದು" ಎಂದು ಅಮ್ಮ ಹಾಲಿನ ಡೇರಿಯ ಮುಂದೆ ನಿಂತು ಹೇಳುತ್ತಾಳೆ. ಹಾಗೆಲ್ಲ ಹೇಳಬೇಡಮ್ಮ ಎನ್ನುತ್ತಿದ್ದೆ. ಒಳಗೊಳಗೇ ಉಬ್ಬುತ್ತಿದ್ದೆ.

ಅಮ್ಮ ಏನೇ ಮಾಡುವ ಮುನ್ನ ಮನೆದೇವರ ಹತ್ತಿರ ಹೂ ಕೇಳುವವಳು. ಪಟದ ಎಡಕ್ಕೊಂದು ಬಲಕ್ಕೊಂದು ಒದ್ದೆ ಎಸಳು ಅಂಟಿಸಿ ಕೈಮುಗಿದು ಕೂರುತ್ತಾಳೆ. ಬಲಗಡೆಯದು ಉದುರಿದರೆ ಆಗಲಿ ಎಂದು, ಎಡಗಡೆಯದಾದರೆ ಬೇಡ ಎಂದು. ಹಸು ಕೊಳ್ಳುವಾಗಲೂ ಕೇಳಿದ್ದಾಳೆ, ನನಗೆ ಹೆಣ್ಣು ನೋಡುವಾಗಲೂ ಕೇಳಿದ್ದಾಳೆ. "ಫ್ಯಾನ್ ಹಾಕು, ಎರಡೂ ಉದುರ್ತವೆ" ಎಂದು ರೇಗಿಸುತ್ತಿದ್ದೆ.

ಹೋದ ವರ್ಷ ಅಮ್ಮ, ಚಿಕ್ಕಮ್ಮ ಇಬ್ಬರೂ ಒಂದು ಗುಂಪಿನ ಜೊತೆ ನೇಪಾಳದ ಮುಕ್ತಿನಾಥಕ್ಕೆ ಹೋದರು. ಅಮ್ಮನಿಗೆ ಉಬ್ಬಸ. ಪಟ, ಇನ್‌ಹೇಲರ್ ಎರಡನ್ನೂ ಒಂದೇ ಚೀಲದಲ್ಲಿ ಇಟ್ಟುಕೊಂಡಿದ್ದಳು. ದರ್ಶನ ಮುಗಿದ ಮೇಲೆ ಬೆಟ್ಟದ ನಡುವಿನ ಪುಟ್ಟ ನಿಲ್ದಾಣದಿಂದ ಸಣ್ಣ ವಿಮಾನದಲ್ಲಿ ಕೆಳಗಿನ ಪಟ್ಟಣಕ್ಕೆ ಇಳಿಯಬೇಕಿತ್ತು. ಆ ಬೆಳಿಗ್ಗೆ ಆಫೀಸಿಗೆ ಫೋನ್ ಬಂತು.

"ಗಾಳಿ ಎದ್ಬುಟ್ಟೈತೆ ಕಣಪ್ಪ. ಎಲ್ರೂ ಜೀಪಲ್ಲೇ ಇಳೀತಾವ್ರೆ. ಪ್ಲೇನ್‌ಗೆ ಕಾಯ್ಲಾ ಅಂತ ಕೇಳುದ್ರೆ ಹೂವೂ ಎಡಗಡೇದೇ ಬಿತ್ತು. ಹೂವಿನ್ ಮಾತ ನಿಮ್ ಚಿಕ್ಕಮ್ಮುಂಗೆ ಇನ್ನೂ ಹೇಳಿಲ್ಲ, ನಿನ್ ಕೇಳ್ಕಂಡು ಹೇಳಮ ಅಂತ. ಔಸ್ದಿ ಬೇರೆ ಒಸೀನೇ ಐತೆ."

ವರದಿ ತೆಗೆದೆ. ಗಾಳಿ ಸೊನ್ನೆ, ಆಕಾಶ ನಿಚ್ಚಳ.

"ಹೂವಿನ ಮಾತು ಬಿಡಮ್ಮ. ವರದಿ ನನ್ನ ಕಣ್ಣ ಮುಂದೇ ಇದೆ. ಗಾಳೀನೇ ಇಲ್ಲ. ಜೀಪಲ್ಲಿ ಯಾಕೆ ಸೊಂಟ ಮುರ್ಕೋತೀಯ?"

"ಗಾಳಿ ಇಲ್ವಾ?" ಎಂದಳು. ಕಣದಲ್ಲಿ ರಾಗಿ ತೂರಲು ಜೀವಮಾನವಿಡೀ ಗಾಳಿಯ ದಾರಿ ನೋಡಿದವಳು, ಕಿವಿಗೆ ಗಾಳಿ ಬಡಿಯುತ್ತಿರುವಾಗ ನನ್ನನ್ನು ಕೇಳಿದಳು.

"ಇಲ್ಲ" ಎಂದೆ.

"ನೀನೇಳುದ್ಮೇಲೆ ಆಯ್ತು ಬುಡು."

ಪ್ರತಿ ವರದಿಯ ಮೊದಲಿಗೆ ಅದು ಯಾವ ನಿಲ್ದಾಣದ್ದೆಂದು ತಿಳಿಸುವ ಅಕ್ಷರಗಳಿರುತ್ತವೆ. ಮೊದಲು ಅದನ್ನು ನೋಡಿ ಎಂದು ಹೊಸಬರಿಗೆ ಪಾಠ ಹೇಳುವವನೇ ನಾನು. ಫೋನ್ ಇಟ್ಟ ಮೇಲೆ ನೋಡಿದೆ. ಅದು ಕೆಳಗಿನ ಪಟ್ಟಣದ್ದು. ಬೆಟ್ಟದ ಮೇಲಿನ ವರದಿ ಬಂದೇ ಇರಲಿಲ್ಲ. ಕೂಡಲೇ ಫೋನ್ ಮಾಡಿದ್ದರೆ ಜೀಪು ಸಿಗುತ್ತಿತ್ತು. ಮಾಡಲಿಲ್ಲ. ಡೇರಿಯ ಮುಂದೆ ನನ್ನನ್ನು ಅಷ್ಟು ಎತ್ತರಕ್ಕೆ ಏರಿಸಿದವಳ ಮುಂದೆ ತಪ್ಪಾಯಿತು ಎನ್ನಲು ನಾಚಿಕೆಯಾಯಿತು. ವಿಮಾನ ಬಂದರೂ ಬರಬಹುದು ಎಂದು ಸುಮ್ಮನೆ ಕೂತೆ. ಆ ನಾಚಿಕೆ ನೆನೆದರೆ ಈಗ ನನ್ನ ಮೇಲೆ ನನಗೇ ಹೇಸಿಗೆ.

ವಿಮಾನ ಬರಲಿಲ್ಲ. ಗಾಳಿಗೆ ಲಾಡ್ಜಿನ ತಗಡು ಕಿತ್ತುಹೋಯಿತು, ದಾರಿಗೆ ಕಲ್ಲು ಉರುಳಿ ಜೀಪುಗಳೂ ನಿಂತವು. ಮಾರನೆಯ ದಿನವೂ ಅದೇ ಗಾಳಿ. ಇನ್‌ಹೇಲರ್ ಖಾಲಿಯಾಗಿತ್ತು. ಫೋನಿನಲ್ಲಿ ಅಮ್ಮನ ಮಾತಿಗಿಂತ ಉಸಿರೆಳೆಯುವ ಸದ್ದೇ ಹೆಚ್ಚು ಕೇಳುತ್ತಿತ್ತು. ಅಲ್ಲಿಯ ಆಸ್ಪತ್ರೆಯವರು ಆಕ್ಸಿಜನ್ ಹಾಕಿ ಉಳಿಸಿಕೊಂಡರು.

ಊರಿಗೆ ಬಂದಾಗ ನೋಡಲು ಮನೆ ತುಂಬ ಜನ. ಚಿಕ್ಕಮ್ಮನ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಎಲ್ರೂ ಹೊಂಟ್ರೂ ನೀನು ಯಾಕಕ್ಕ ಉಳ್ಕಂಡೆ? ನಿನ್ ನಂಬ್ಕಂಡು ನಾನೂ ಉಳ್ಕಂಡೆ" ಎಂದಳು.

ಅಮ್ಮ ನನ್ನ ಕಡೆ ನೋಡಲೇ ಇಲ್ಲ. "ಬಲಗಡೆ ಹೂ ಬಿತ್ತು ಕಣೆ. ಇರು ಅಂದ, ಇದ್ದೆ" ಎಂದಳು.

"ನಿನ್ ದೇವ್ರೂ ಸುಳ್ ಹೇಳೋದು ಕಲ್ತ ಬುಡು" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಕಾಫಿ ಲೋಟ ಹಿಡಿದುಕೊಂಡು ನಾನೂ ನಕ್ಕೆ.

ಆ ವಾರ ದೇವಸ್ಥಾನಕ್ಕೆ ಕರೆದುಕೊಂಡು ಹೋಗು ಎಂದಳು. ಬಾಗಿಲಲ್ಲಿ ಬೈಕಿನಿಂದ ಇಳಿದವಳ ಕೈಯಲ್ಲಿ ಅರಿಸಿನ ಬಟ್ಟೆಯ ಗಂಟು ಇತ್ತು.

"ಏನಮ್ಮ ಅದು?"

"ತಪ್ಪುಕಾಣ್ಕೆ. ಅವ್ನು ಬ್ಯಾಡ ಅಂದಿದ್ದ. ಹೂಂ ಅಂದ ಅಂತ ಅಷ್ಟು ಜನದ ಮುಂದೆ ಅವ್ನ್ ಮೇಲೆ ಸುಳ್ ಹೇಳ್ಬುಟ್ನಲ್ಲ."

ನಾನು ತಲೆ ತಗ್ಗಿಸಿ ಬೈಕಿನ ಸ್ಟ್ಯಾಂಡ್ ಹಾಕಿದೆ. ಅವಳು ಅದನ್ನು ಬೇರೆ ರೀತಿ ತಿಳಿದುಕೊಂಡಳು. "ನಿಂದೇನು ತಪ್ಪಿಲ್ಲ ಬುಡಪ್ಪ. ಮಿಸೀನು ಹಂಗೇಳ್ತು, ನೀನೇನು ಮಾಡೀಯೆ?" ಎಂದು ಬೆನ್ನು ಸವರಿ, ಕೆಮ್ಮುತ್ತಾ ಮೆಟ್ಟಿಲು ಹತ್ತಿದಳು.

ಮಿಷನ್ನು ಸರಿಯಾಗಿಯೇ ಹೇಳಿತ್ತು. ಒಳಗೆ ಅವಳು ಗಂಟು ಒಪ್ಪಿಸಿ ಬರುವವರೆಗೂ ನಾನು ಹೊರಗೆ ಅವಳ ಚಪ್ಪಲಿ ಕಾಯುತ್ತಾ ನಿಂತಿದ್ದೆ.