ಬೆಕ್ಕಿನ ಒಣ ಆಹಾರ ಮತ್ತು ಅಮ್ಮಿಯ ಬೋಗುಣಿ

ಅಂಗಡಿಯಲ್ಲಿ ನಾವಿಬ್ಬರೂ ಜೊತೆಗೆ ಕೂತ ಕೊನೆಯ ದಿನ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಬೆಳಿಗ್ಗೆ ನಾನು ಶಟರ್ ಎತ್ತಿದೆ, ನನ್ನ ಹೆಂಡತಿ ಮಹಾದೇವಿ ಮುಂದಿನ ಕಟ್ಟೆಗೆ ನೀರು ಹೊಡೆದಳು. ಹಿಂಡಿ ಚೀಲ ಇಳಿಸಲು ಬಂದ ಹಮಾಲರ ಜೊತೆ ಮಾತಾಡುತ್ತ ನಿಂತು ಚಹಾ ತಣ್ಣಗಾಗಲು ಬಿಟ್ಟೆ, ಅದಕ್ಕೆ ಅವಳಿಂದ ಬೈಸಿಕೊಂಡೆ. ಮಧ್ಯಾಹ್ನ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಬೆಕ್ಕಿನ ಒಣ ಆಹಾರ ಕೇಳಿಕೊಂಡು ಬಂದಳು. ನಾನು ಪೊಟ್ಟಣ ತೆಗೆದುಕೊಟ್ಟೆ. ಹುಡುಗಿ ಹೊರಡುವಷ್ಟರಲ್ಲಿ ಮಹಾದೇವಿ ಎಂದಿನ ಹಾಗೆ ಕೇಳಿದಳು:

"ನೀರು ಎಲ್ಲಿ ಇಡ್ತೀಯವ್ವಾ?"

"ಅಡಿಗಿಮನ್ಯಾಗ ಇಟ್ಟೀನ್ರೀ ಆಂಟಿ."

"ಬೆಕ್ಕು ಎಲ್ಲಿ ಮಲಗ್ತೈತಿ?"

"ಅದು ಮಹಾರಾಣಿ ರೀ. ಮ್ಯಾಲಿನ ಖೋಲ್ಯಾಗ, ಕೂಲರ್ ಮುಂದ."

"ಹಂಗಾರ ಮ್ಯಾಲೂ ಒಂದು ಬಟ್ಲ ಇಡು. ಕೂಲರ್ ಬಿಟ್ಟು ನೀರು ಕುಡಿಯಾಕ ನೀನರ ಕೆಳಗಿಳಿದು ಬರ್ತೀಯೇನು?"

ಹುಡುಗಿ ನಗುತ್ತ ಹೋದಳು. ಸಂಜೆ ಅಂಗಡಿ ಮುಚ್ಚಿ ಮನೆಗೆ ಬಂದೆವು. ಮರುದಿನ ಮಹಾದೇವಿಗೆ ಎದೆನೋವು ಬಂತು. ದವಾಖಾನೆಗೆ ಕರೆದುಕೊಂಡು ಹೋದೆವು. ಅವಳು ತಿರುಗಿ ಬರಲಿಲ್ಲ.

ಬೆಕ್ಕಿನ ಆಹಾರ ಕೊಳ್ಳಲು ಬಂದವರನ್ನು ಅವಳು ನೀರಿನ ಮಾತು ಕೇಳದೆ ಕಳಿಸುತ್ತಿರಲಿಲ್ಲ. ಮೊದಲಿನಿಂದ ಇದ್ದ ರೂಢಿಯಲ್ಲ ಅದು. ಮಸ್ಕಿಯ ಒಂದು ಬೆಕ್ಕಿನಿಂದ ಬಂದದ್ದು. ಅದನ್ನು ಬರೆದಿಡಬೇಕು ಅನ್ನಿಸಿದೆ.

ಸಿಂಧನೂರಿನಲ್ಲಿ ನಮ್ಮದು ಪಶು ಆಹಾರದ ಅಂಗಡಿ. ನಾನು ಹತ್ತನೆಯ ತರಗತಿಯವರೆಗೆ ಓದಿದವನು, ಮಹಾದೇವಿ ಏಳರವರೆಗೆ. ಬಹಳ ವರ್ಷ ಮಾರಿದ್ದು ಹಿಂಡಿ, ತವುಡು, ಕೋಳಿ ಆಹಾರ ಮಾತ್ರ. ಸುತ್ತಲೂ ಭತ್ತದ ಗಿರಣಿಗಳಿರುವುದರಿಂದ ತವುಡಿಗೆ ಇಲ್ಲಿ ಬರವಿಲ್ಲ. ಆದರೆ ಅದರಲ್ಲಿ ಎಣ್ಣೆ ಅಂಶ ಹೆಚ್ಚು, ಬೇಗ ಕಮಟು ಹಿಡಿಯುತ್ತದೆ. ಅದಕ್ಕೆ ನಾವು ಚೀಲ ಬಿಚ್ಚಿದ ಕೂಡಲೇ ಒಂದು ಹಿಡಿ ತೆಗೆದು ಒತ್ತಿ, ಮುಷ್ಟಿ ಬಿಚ್ಚಿ, ಮೂಸಿ ನೋಡುತ್ತೇವೆ. ಈ ಭಾಗದ ವ್ಯಾಪಾರಸ್ಥರೆಲ್ಲ ಹಾಗೇ ಮಾಡುತ್ತಾರೆ. ಮಹಾದೇವಿ ಮೂಗು ಮುರಿದಳೆಂದರೆ ಆ ಚೀಲ ಬಂದ ಗಾಡಿಯಲ್ಲೇ ವಾಪಸ್ಸು.

ವರ್ಗವಾಗಿ ಬಂದ ನೌಕರರು, ಮೇಷ್ಟ್ರುಗಳು ಬೆಕ್ಕಿನ ಆಹಾರ ಕೇಳತೊಡಗಿದ ಮೇಲೆ ನಾವೂ ತರಿಸಿದೆವು. ಆಗ ಆ ವಿಷಯ ನಮಗೂ ಹೊಸದು, ಗಿರಾಕಿಗಳಿಗೂ ಹೊಸದು. ವಳಕಮದಿನ್ನಿಯ ಒಬ್ಬ ರೈತರು ಮಗಳ ಬೆಕ್ಕಿಗೆಂದು ಒಯ್ದು, ಎಮ್ಮೆಗೆ ಹಿಂಡಿ ನೆನೆಹಾಕುವ ಹಾಗೆ ಸಂಜೆಯೇ ನೆನೆಹಾಕಿ ಬೆಳಿಗ್ಗೆ ಇಟ್ಟಿದ್ದರು. ಬಿಸಿಲುಗಾಲ, ಹುಳಿ ಬಂದು ನೊರೆ ಎದ್ದಿತ್ತು. ಅವರು ಬಂದು ಹೇಳಿದ್ದು ನನಗಿನ್ನೂ ನೆನಪಿದೆ: "ಸಾವ್ಕಾರ್ರ, ಬೆಕ್ಕು ಮೂಸಿ ನೋಡಿ ಹೇತದ್ದು ಮುಚ್ಚಿದಂಗ ಮುಂಗಾಲಿಲೆ ಮಣ್ಣು ಮುಚ್ಚಿ ಹೋತ್ರೀ. ತಿಂದ ಮ್ಯಾಲ ಅಲ್ಲ ರೀ, ತಿನ್ನೂಕಿಂತ ಮದಲ!" ಮಹಾದೇವಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು.

ಮೆಲ್ಲಗೆ ಕಲಿತೆವು. ಪೊಟ್ಟಣದ ಹಿಂದೆ ಏನೇನು ಹಾಕಿದ್ದಾರೆಂದು ಅಚ್ಚಾಗಿರುತ್ತದೆ. ಎಲ್ಲಕ್ಕಿಂತ ಹೆಚ್ಚು ಹಾಕಿದ್ದರ ಹೆಸರು ಮೊದಲು ಬರುತ್ತದೆ. ಅಲ್ಲಿ ಕೋಳಿಯೋ ಮೀನೋ ಇರಬೇಕು. ಮೆಕ್ಕೆಜೋಳ ಇದ್ದರೆ ಅದು ಹೊಟ್ಟೆ ತುಂಬಿಸುವ ಮಾಲು. ಟಾರಿನ್ ಎಂಬ ಪೋಷಕಾಂಶ ಇರಲೇಬೇಕು. ಅದಿಲ್ಲದಿದ್ದರೆ ಬೆಕ್ಕಿನ ಕಣ್ಣು, ಹೃದಯ ಕೆಡುತ್ತವೆ. ನಾಯಿಯ ಆಹಾರ ಅಗ್ಗವೆಂದು ಬೆಕ್ಕಿಗೆ ಹಾಕಬಾರದು. ತಯಾರಾದ ತಿಂಗಳು ನೋಡಬೇಕು. ಗಿರಾಕಿಗಳು ಲೂಸ್ ಕೇಳಿದರೂ ನಾವು ಚೀಲ ಬಿಚ್ಚಿ ತೂಗಿ ಕೊಡುತ್ತಿರಲಿಲ್ಲ, ಗಾಳಿಗೆ ಬಿಟ್ಟರೆ ಅದೂ ತವುಡಿನ ಹಾಗೆ ಕಮಟು ಹಿಡಿಯುತ್ತದೆ. ಹೊಸ ಕಂಪನಿಯ ಮಾಲು ಬಂದರೆ ಮಹಾದೇವಿ ಒಂದು ಪೊಟ್ಟಣ ಬಿಚ್ಚಿ, ನಾಲ್ಕು ಕಾಳು ಕಾಗದದಲ್ಲಿಟ್ಟು ಒತ್ತಿ ಮೂಸುವಳು. ಇಷ್ಟು ಗೊತ್ತಾದ ಮೇಲೆ ಈ ವ್ಯಾಪಾರ ನಮಗೆ ತಿಳಿಯಿತು ಅಂದುಕೊಂಡಿದ್ದೆವು.

ಜರೀನಾ ಬೇಗಂ ನಮ್ಮಲ್ಲಿಗೆ ಬಂದದ್ದು ಆ ದಿನಗಳಲ್ಲಿ, ಕೊರೊನಾ ಮುಗಿದ ಮರುವರ್ಷ. ಮಸ್ಕಿಯಲ್ಲಿ ಮನೆಯಲ್ಲೇ ರವಿಕೆ ಹೊಲಿಯುವ ಹೆಣ್ಣುಮಗಳು. ದಾರ, ಅಸ್ತರು ಕೊಳ್ಳಲು ಸಿಂಧನೂರಿಗೆ ಬರುತ್ತಿದ್ದರು. ಅವರ ತಾಯಿಯನ್ನು ಮನೆಯಲ್ಲಿ ಎಲ್ಲರೂ ಅಮ್ಮಿ ಅನ್ನುತ್ತಾರೆ. ಅಮ್ಮಿಗೆ ಆಗಷ್ಟೇ ಲಕ್ವಾ ಹೊಡೆದು ಬಲಭಾಗ ಬಿದ್ದಿತ್ತು. ಅಮ್ಮಿ ಸಾಕಿದ ಗಂಡು ಬೆಕ್ಕು ಶೇರು. ಅಮ್ಮಿ ಓಡಾಡುತ್ತಿದ್ದಾಗ ಅದಕ್ಕೆ ಹಾಲು ಅನ್ನ ಕಲಸಿ ಹಾಕುತ್ತಿದ್ದರು, ಮಾಂಸ ತಂದ ದಿನ ಸಾರಿನ ಚೂರು ಹಾಕುತ್ತಿದ್ದರು.

"ಈಗ ಅಮ್ಮೀನೂ ನೋಡಬೇಕು, ಮಶೀನೂ ತುಳೀಬೇಕು ಅಣ್ಣಾ," ಅಂದರು ಜರೀನಾ. "ಹಾಲು ಅನ್ನ ಕಲಿಸಾಕ ಪುರಸೊತ್ತಿಲ್ಲ. ಒಣಾದು ಒಂದು ಛಲೋದು ಕೊಡ್ರಿ. ಶೇರು ತನ್ನ ತಟ್ಟಿ ಮುಂದ ಕುಂತು ತಿಂದ್ರ ಅಮ್ಮಿ ಒಂದು ತುತ್ತು ನುಂಗ್ತಾಳ. ಅದು ಎದ್ದು ಹೋದ್ರ ಬಾಯಿ ಬಿಡಂಗಿಲ್ಲ."

ನಾವಿಬ್ಬರೂ ಸೇರಿ ಆರಿಸಿದೆವು. ಮೀನು ಮೊದಲಿದ್ದದ್ದು, ಟಾರಿನ್ ಇದ್ದದ್ದು, ಹೊಸ ತಿಂಗಳಿನದು. ಶೇರುವಿಗೆ ಹಿಡಿಸಿತು. ಜರೀನಾ ತಿಂಗಳು ತಿಂಗಳು ಬಂದು ಒಯ್ದರು. "ಕೂದಲು ರೇಶ್ಮಿ ಆಗ್ಯಾವ ಅಕ್ಕಾ," ಎಂದು ಮಹಾದೇವಿಗೆ ಹೇಳುತ್ತಿದ್ದರು.

ಮುಂದಿನ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಮೊದಲ ಬಸ್ಸಿಗೇ ಬಂದು, ಅರ್ಧ ಉಳಿದ ಪೊಟ್ಟಣವನ್ನು ಮೇಜಿನ ಮೇಲೆ ಇಟ್ಟರು. ಕೂಡಲಿಲ್ಲ.

"ಏನು ಕೊಟ್ರಿ ಅಣ್ಣಾ ಇದು? ನಿನ್ನೆ ಹಿಡದು ಶೇರು ಹೊರಕಡಿಗಂತ ಹಾಕಿದ ಬೂದಿ ಮ್ಯಾಲ ಕುಂತು ಕುಂತು ಏಳ್ತೈತಿ, ಒದರತೈತಿ. ಹೊಟ್ಟಿ ಮುಟ್ಟಗೊಡಂಗಿಲ್ಲ. ಅಮ್ಮಿ ಕಿವಿಗೆ ಆ ಒದರೋದು ಬಿದ್ದು ಆಕಿನೂ ನಿನ್ನೆ ಹಿಡದು ಏನೂ ತಿಂದಿಲ್ಲ. ಇಬ್ರೂ ಹೋಗ್ತಾರ ನನ್ನ ಕೈಯಾಗ."

ನಾನು ಪೊಟ್ಟಣ ಮೂಸಿದೆ. ಕಮಟು ಇಲ್ಲ. ತಿಂಗಳು ನೋಡಿದೆ, ಸರಿ ಇತ್ತು. ಅದೇ ಮಾಲಿನ ಇನ್ನೊಂದು ಪೊಟ್ಟಣ ಒಡೆದೆ, ಅದೂ ಸರಿ ಇತ್ತು. ಮಾಲು ಸರಿ ಇದೆ ಎಂದು ಹೇಳಿದರೆ ಅವರಿಗೆ ಏನು ಸಮಾಧಾನ?

ಮಹಾದೇವಿ ಎದ್ದು ಬಂದಳು. "ಮಲ ಕಟ್ಟೈತೋ, ಉಚ್ಚಿ ಕಟ್ಟೈತೋ?"

"ಮಲಾನ ಇರಬೇಕು. ಹರಳೆಣ್ಣಿ ಕುಡಿಸಬೇಕಂತ ತೆಗದಿಟ್ಟೀನಿ."

"ಬೂದಿ ಹಸಿ ಆಗೇತೇನು, ನಿನ್ನೆ ಹಿಡದು?"

ಜರೀನಾ ಯೋಚಿಸಿದರು. "ಇಲ್ಲಕ್ಕಾ. ಒಣಾನ ಐತಿ."

"ಎಣ್ಣಿ ಮುಟ್ಟಬ್ಯಾಡ. ಏಳ್ರೀ ಇವ್ರ, ಗಾಡಿ ತೆಗೀರಿ. ನಮ್ಮಪ್ಪನ ಎತ್ತು ಹಿಂಗ ಹೋತು."

ಅವಳ ತವರು ಜವಳಗೇರಾ. ಬರೀ ತವುಡು ತಿಂದ ಎತ್ತುಗಳಿಗೆ ಒಮ್ಮೊಮ್ಮೆ ಮೂತ್ರದಲ್ಲಿ ಹರಳು ಕಟ್ಟುತ್ತದೆ. ಗಂಡು ಪ್ರಾಣಿಯ ಮೂತ್ರನಾಳ ಸಣ್ಣದು, ಹರಳು ಅಡ್ಡ ಸಿಕ್ಕಿದರೆ ಮೂತ್ರ ನಿಲ್ಲುತ್ತದೆ. ಅವಳು ಚಿಕ್ಕವಳಿದ್ದಾಗ ಮನೆಯವರು ಹೊಟ್ಟೆ ಕಟ್ಟಿದೆ ಎಂದು ತಿಳಿದು ಔಷಧಿ ಕುಡಿಸುತ್ತ ಕೂತರು, ಎತ್ತು ಸತ್ತಿತು. ಆಮೇಲೆ ಬಂದ ಡಾಕ್ಟರು ಕಾರಣ ಹೇಳಿದ್ದು ಅವಳ ತಲೆಯಲ್ಲಿ ಉಳಿದಿತ್ತು.

ಸಿಂಧನೂರಿನ ಪಶು ಆಸ್ಪತ್ರೆಗೆ ಫೋನ್ ಮಾಡಿದೆ. ಡಾಕ್ಟರು ಲಸಿಕೆ ಹಾಕಲು ಹಳ್ಳಿಗೆ ಹೋಗಿದ್ದರು. ಲಿಂಗಸುಗೂರಿನ ಡಾಕ್ಟರಮ್ಮ ನಾಯಿ ಬೆಕ್ಕುಗಳನ್ನು ಚೆನ್ನಾಗಿ ನೋಡುತ್ತಾರೆಂದು ಗಿರಾಕಿಗಳು ಹೇಳಿದ್ದರು. ಮಸ್ಕಿ ಹೇಗೂ ಅದೇ ದಾರಿಯಲ್ಲಿದೆ. ಚೀಲ ಸಾಗಿಸುವ ಲಗೇಜ್ ಆಟೋದಲ್ಲಿ ಮೂವರೂ ಹೊರಟೆವು.

ಮಸ್ಕಿಯ ಮನೆಯಲ್ಲಿ ಶೇರು ಅಮ್ಮಿಯ ಮಂಚದ ಕೆಳಗೆ ಮುದುಡಿ ಬಿದ್ದಿತ್ತು. ಅಮ್ಮಿಯ ಎಡಗೈ ಮಂಚದಿಂದ ಕೆಳಗೆ ಇಳಿಬಿದ್ದು ಅದನ್ನು ತಡವರಿಸುತ್ತಿತ್ತು. ಜರೀನಾ ಬೆಕ್ಕನ್ನು ಟವೆಲಿನಲ್ಲಿ ಸುತ್ತಿಕೊಳ್ಳುವಾಗ ಅಮ್ಮಿ ತೊದಲುತ್ತ ಕೇಳಿದರು, "ಕಹಾಂ? ಕಹಾಂ ಲೇಜಾ ರೈ?" ಎಲ್ಲಿಗೆ ಒಯ್ಯುತ್ತೀ ಎಂದು. ಮಹಾದೇವಿ ಆ ಕೈ ಹಿಡಿದು, "ದವಾಖಾನಿಗೆ ಅಮ್ಮಿ. ಹೊಳ್ಳಿ ಕರಕೊಂಡು ಬರ್ತೀವಿ," ಅಂದಳು. ಅವಳು ಮಾತು ಕೊಟ್ಟದ್ದು ಕೇಳಿ ನನಗೆ ಭಯವಾಯಿತು.

ಲಿಂಗಸುಗೂರಿನಲ್ಲಿ ಡಾಕ್ಟರಮ್ಮ ಹೊಟ್ಟೆ ಮುಟ್ಟಿದ ಕೂಡಲೇ ಗುರುತಿಸಿದರು. ಬ್ಲಾಡರ್, ಅಂದರೆ ಮೂತ್ರದ ಚೀಲ, ಬಿಗಿದು ಕಲ್ಲಿನಂತಾಗಿತ್ತು. ಮಂಪರು ಕೊಟ್ಟು ಕ್ಯಾಥೆಟರ್ ಎಂಬ ತೆಳ್ಳನೆಯ ನಳಿಗೆ ಹಾಕಿದರು. ಮೊದಲು ಹೋಗಲಿಲ್ಲ. ಜರೀನಾ ಗೋಡೆಗೆ ಮುಖ ಮಾಡಿ ನಿಂತಿದ್ದರು. ಎರಡನೆಯ ಸಲ ಹೋಯಿತು. ಕೆಂಪಗೆ ಮೂತ್ರ ಬಂತು, ಅದರ ಜೊತೆ ಸಣ್ಣ ಮರಳಿನಂಥದ್ದು ಬಂತು.

"ಇನ್ನೂ ತಡ ಮಾಡಿದ್ರ ಉಳೀತಿರಲಿಲ್ಲ," ಅಂದರು ಡಾಕ್ಟರಮ್ಮ. ನಾನು ಪೊಟ್ಟಣ ತೋರಿಸಿದೆ. ತಿರುವಿ ಓದಿ, "ಆಹಾರ ಒಳ್ಳೇದೇ ಐತಿ. ಆದ್ರ ಒಣ ಆಹಾರದಾಗ ನೀರಿನ ಅಂಶಾನ ಇರಂಗಿಲ್ಲ. ಇದು ನೀರು ಕುಡಿಯೋದು ಭಾಳ ಕಡಿಮಿ ಆಗೇತಿ," ಅಂದರು.

"ನೀರು ಇಡ್ತೀನ್ರೀ," ಅಂದರು ಜರೀನಾ. "ತಟ್ಟಿ ಬಾಜೂಕ ಬಟ್ಲ ತುಂಬ ಇಡ್ತೀನಿ. ಖಸಮ್, ಆಣಿ ಮಾಡಿ ಹೇಳ್ತೀನಿ."

ಅದು ಸುಳ್ಳಲ್ಲ, ಮನೆಯಲ್ಲಿ ಆ ಬಟ್ಟಲನ್ನು ನಾನೂ ನೋಡಿದ್ದೆ. ನಳಿಗೆ ಹಾಕಿದ ಹಾಗೇ ಸಲೈನ್ ಕೊಟ್ಟು, ಶೇರುವನ್ನು ಅಲ್ಲೇ ಇಟ್ಟುಕೊಂಡರು. ಹೊರಡುವ ಮುಂಚೆ ಅಮ್ಮಿಗೆ ತೋರಿಸಲೆಂದು ಮಹಾದೇವಿ ಫೋನಿನಲ್ಲಿ ಅದರ ಫೋಟೋ ತೆಗೆದುಕೊಂಡಳು.

ತಿರುಗಿ ಬರುವಾಗ ಮಸ್ಕಿಯಲ್ಲಿ ಜರೀನಾ ಅವರ ಮನೆಯಲ್ಲೇ ಚಹಾಕ್ಕೆ ನಿಂತೆವು. ಅಂಗಳದ ಮೂಲೆಯಲ್ಲಿ ಒಂದು ಅಗಲವಾದ ತಾಮ್ರದ ಬೋಗುಣಿ ಗೋಡೆಗೆ ಒರಗಿತ್ತು. ಒಳಗೆಲ್ಲ ಧೂಳು. ಮಹಾದೇವಿ ಚಹಾ ಹಿಡಿದುಕೊಂಡೇ ಅದನ್ನು ನೋಡುತ್ತಿದ್ದಳು.

"ಇದೇನು ಜರೀನಾ?"

"ಅಮ್ಮೀದು ವಜೂ ಮಾಡೋ ಬೋಗುಣಿ ಅಕ್ಕಾ."

ನಮಾಜಿಗೆ ಮುಂಚೆ ಕೈ, ಬಾಯಿ, ಮುಖ, ಕಾಲು ತೊಳೆಯುವುದು ವಜೂ. ಅಮ್ಮಿ ದಿನಕ್ಕೆ ಐದು ಹೊತ್ತು ಮಣೆಯ ಮೇಲೆ ಕೂತು ವಜೂ ಮಾಡುತ್ತಿದ್ದರು, ನೀರು ಆ ಬೋಗುಣಿಗೆ ಬೀಳುತ್ತಿತ್ತು. ಹಾಸಿಗೆ ಹಿಡಿದ ಮೇಲೆ ನೀರು ಬೇಡವೆಂದು ಒಣಮಣ್ಣು ಮುಟ್ಟಿಸಿ ಮಾಡಿಸುತ್ತಿದ್ದರು. ಆಗದವರಿಗೆ ಅಂಥ ರೂಢಿ ಉಂಟು. ಬೋಗುಣಿ ಮೂಲೆ ಸೇರಿತ್ತು.

"ಶೇರು ಇದರಾಗ ಕುಡೀತಿತ್ತೇನು?"

ಜರೀನಾ ಕೈಯಲ್ಲಿದ್ದ ಚಹಾದ ಬಸಿಯನ್ನು ಕೆಳಗಿಟ್ಟರು. "ಹೂಂ ಅಕ್ಕಾ. ಅಜಾನ್ ಕೇಳಿಸಿದ್ರ ಓಡಿಬರ್ತಿತ್ತು. ಅಮ್ಮಿ ನೀರು ಬಿಡೋದಕ್ಕೂ ಇದು ಮೂತಿ ಹಚ್ಚೋದಕ್ಕೂ ಸರಿ ಹೋಗ್ತಿತ್ತು. ನಾ ಹಚಾ ಅಂತ ಓಡಿಸಿದ್ರ ಅಮ್ಮಿ ನನಗ ಬೈತಿದ್ಲು, ಅದೂ ನಮಾಜಿ ಅಂತ." ನಗಲು ಹೋಗಿ ಅಳತೊಡಗಿದರು.

ನನಗೆ ಆಗ ತಿಳಿಯಿತು. ಅಮ್ಮಿ ಮಲಗಿದ ತಿಂಗಳಲ್ಲೇ ಶೇರುವಿಗೆ ಹಾಲು ಅನ್ನ ನಿಂತಿತು, ಬೋಗುಣಿಯ ನೀರೂ ನಿಂತಿತು. ತಟ್ಟೆಯ ಪಕ್ಕದ ಬಟ್ಟಲಿನ ನಿಂತ ನೀರು ಅದಕ್ಕೆ ಬೇಕಿರಲಿಲ್ಲ. ನಾವು ಪೊಟ್ಟಣದ ಮೇಲೆ ಅಚ್ಚಾದದ್ದನ್ನೆಲ್ಲ ಓದಿ ಆರಿಸಿದ್ದೆವು. ಇದು ಯಾವ ಪೊಟ್ಟಣದ ಮೇಲೂ ಇರುವಂಥದ್ದಲ್ಲ.

ಮಹಾದೇವಿ ಬೋಗುಣಿಯನ್ನು ತಾನೇ ಹುಣಸೆಹಣ್ಣು ಹಾಕಿ ತಿಕ್ಕಿದಳು. "ಅಮ್ಮಿ ಕೈ ನೀರಾಗ ಅದ್ದಬಾರದಂತ ಯಾರರ ಹೇಳ್ಯಾರೇನು?" ಎಂದು ಕೇಳಿದಳು. ಯಾರೂ ಹೇಳಿರಲಿಲ್ಲ. ಹಾಸಿಗೆ ತೊಯ್ಯುತ್ತದೆಂದು ಬಿಟ್ಟಿದ್ದರು, ಅಷ್ಟೇ. ಮಂಚದ ಪಕ್ಕಕ್ಕೆ ಸ್ಟೂಲು, ಸ್ಟೂಲಿನ ಮೇಲೆ ಬೋಗುಣಿ, ಹಾಸಿಗೆಗೆ ಒಂದು ಪ್ಲಾಸ್ಟಿಕ್ ಹಾಳೆ. ಜರೀನಾ ಬಿಂದಿಗೆಯಿಂದ ನೀರು ಬಿಟ್ಟರು. ಅಮ್ಮಿ ಎಡಗೈಯನ್ನು ನೀರಿನಲ್ಲಿ ಇಳಿಬಿಟ್ಟು ಬಹಳ ಹೊತ್ತು ತೆಗೆಯಲೇ ಇಲ್ಲ.

ಶೇರು ಮನೆಗೆ ಬಂದ ದಿನ ಜರೀನಾ ಫೋನ್ ಮಾಡಿದರು. ಸಂಜೆಯ ಅಜಾನಿಗೆ ಅಮ್ಮಿಯ ವಜೂ ಮುಗಿಯುವುದರೊಳಗೆ ಬೆಕ್ಕು ಸ್ಟೂಲು ಹತ್ತಿತ್ತು. "ಬಾಯಿ ಹಚ್ಚೇತಿ ಅಕ್ಕಾ! ಅಮ್ಮಿ ಬಲಗೈ ಬೆರಳೂ ಅದರ ಕಡೆ ಒಂದೀಟು ಆಡಿದಂಗಾತು, ಖರೇನ." ಮಹಾದೇವಿ ನನ್ನ ಕಿವಿಗೂ ಫೋನ್ ಹಿಡಿದಳು. ಡಾಕ್ಟರಮ್ಮ ಹೇಳಿದಂತೆ ಹರಳು ಕಟ್ಟದ ಆಹಾರಕ್ಕೆ ಬದಲಾಯಿಸಿದೆವು, ಒಂದು ಹೊತ್ತಿನದನ್ನು ತಿನ್ನುವ ಮುಂಚೆ ತುಸು ತೋಯಿಸಿ ಇಡಲು ಹೇಳಿದೆವು. ಶೇರು ಈಗಲೂ ಇದೆ. ಅಮ್ಮಿಯೂ ಇದ್ದಾರೆ.

ಅಂದಿನಿಂದ ಮಹಾದೇವಿ ಎಲ್ಲರನ್ನೂ ಕೇಳತೊಡಗಿದಳು. ನೀರು ಇಡುತ್ತೇವೆ ಎಂದರೆ ಸುಮ್ಮನಾಗುತ್ತಿರಲಿಲ್ಲ. ಇನ್ನೊಂದು ಮಾತು ಕೇಳುವಳು. ಒಬ್ಬರಿಗೆ ಎಲ್ಲಿ ಮಲಗುತ್ತದೆ ಎಂದು, ಒಬ್ಬರಿಗೆ ಮನೆಯಲ್ಲಿ ಯಾರಾದರೂ ಊರಿಗೆ ಹೋಗಿದ್ದಾರೆಯೇ ಎಂದು. ಗಿರಾಕಿಯ ಮುಖ ನೋಡಿ ಆ ಮಾತು ಹುಟ್ಟುತ್ತಿತ್ತು.

ಅವಳು ಹೋದ ಮೂರನೆಯ ದಿನ ಜರೀನಾ ಬಂದರು. ಮನೆ ತುಂಬ ಜನರಿದ್ದರು. ಎಲ್ಲರೂ ಹೇಗಾಯಿತು, ಯಾವಾಗಾಯಿತು ಎಂದು ಕೇಳುತ್ತಿದ್ದರು. ಜರೀನಾ ಏನೂ ಕೇಳದೆ ಕೂತಿದ್ದು, ಏಳುವ ಮುಂಚೆ ಮೆಲ್ಲಗೆ ಅಂದರು, "ಅಣ್ಣಾ, ಮುಂಜಾನೆ ಹಿಡದು ನೀರು ಕುಡದೀರೇನು?"

ಕುಡಿದಿರಲಿಲ್ಲ. ದಿನಾ ನಾನು ಅಂಗಡಿಯಲ್ಲಿ ಎದ್ದಾಗಲೆಲ್ಲ ಮಹಾದೇವಿಯೇ ನೀರಿನ ತಂಬಿಗೆ ಮುಂದೆ ಮಾಡುತ್ತಿದ್ದಳು, ನನಗೆ ಬಾಯಾರಿಕೆ ಎಂಬುದೇ ಗೊತ್ತಿರಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಒಳ್ಳೆಯ ಆಹಾರ ಆರಿಸುವುದು ಕಷ್ಟವಲ್ಲ, ಓದಲು ಬಂದರೆ ಸಾಕು. ತಿನ್ನುವ ಜೀವಕ್ಕೆ ಮನೆಯಲ್ಲಿ ಏನು ನಿಂತುಹೋಗಿದೆ ಎಂಬುದನ್ನು ಮಾತ್ರ ಕೇಳಿಯೇ ತಿಳಿಯಬೇಕು.

ಅಂಗಡಿ ನಡೆಯುತ್ತಿದೆ. ಬೆಕ್ಕಿನ ಆಹಾರ ಕೇಳಿ ಬಂದವರಿಗೆ ನೀರು ಎಲ್ಲಿ ಇಡುತ್ತೀರಿ ಎಂದು ನಾನೂ ಕೇಳುತ್ತೇನೆ. ಇಡ್ತೀವ್ರೀ, ಅನ್ನುತ್ತಾರೆ. ಆಮೇಲೆ ಅವಳು ಕೇಳುತ್ತಿದ್ದ ಇನ್ನೊಂದು ಮಾತು ನನಗೆ ಹೊಳೆಯುವುದಿಲ್ಲ.