ದಿಂಬಿನೊಳಗಿನ ಸಂಪಿಗೆ

ಆ ಕೋಣೆಯೊಳಗೆ ಹೂವು ತರುವಂತಿರಲಿಲ್ಲ. ಹಣ್ಣು, ತೀರ್ಥ ಕೂಡ ಬೇಡ ಎಂದಿದ್ದರು. ರಕ್ತದ ಕ್ಯಾನ್ಸರಿಗೆ ಕೊಟ್ಟ ಔಷಧದಿಂದ ನನ್ನ ತಂಗಿಯ ಬಿಳಿ ರಕ್ತಕಣಗಳು ತೀರ ಇಳಿದುಹೋಗಿದ್ದವು. ಎಲ್ಲಿಂದಲೋ ಸ್ವಲ್ಪ ಬೂಷ್ಟು ಶ್ವಾಸಕೋಶಕ್ಕೆ ಇಳಿದರೂ ಉಳಿಸಿಕೊಳ್ಳುವುದು ಕಷ್ಟ ಎಂದು ಡಾಕ್ಟರು ನಮ್ಮನ್ನು ಕೂರಿಸಿ ಹೇಳಿದ್ದರು. ತೊಂಬತ್ತರ ದಶಕದ ಕೊನೆ, ಚಾಮರಾಜಪೇಟೆಯ ಒಂದು ಸಣ್ಣ ಆಸ್ಪತ್ರೆ. ಅವಳಿನ್ನೂ ಬಿ.ಕಾಂ. ಓದುತ್ತಿದ್ದಳು. ನಾನು ಎಂ.ಎಸ್ಸಿ. ಮುಗಿಸಿ ಕೆಲಸ ಹುಡುಕುತ್ತಿದ್ದೆ. ಹಗಲು ಅವಳ ಜೊತೆಗಿರುವುದು ನನ್ನ ಪಾಲಿಗೆ ಬಂದಿತ್ತು.

ಒಂದು ಮಧ್ಯಾಹ್ನ ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು, "ಅಕ್ಕಾ, ಯಾರೋ ಸಂಪಿಗೆ ಮುಡ್ಕೊಂಡು ಬಂದಿದಾರಲ್ಲ, ಯಾರೇ?"

ಕೋಣೆಯಲ್ಲಿದ್ದವಳು ನಾನೊಬ್ಬಳೇ. ಕಿಟಕಿ ಮುಚ್ಚಿತ್ತು.

"ಯಾರೂ ಇಲ್ಲ ಕಣೇ."

"ಇದಾರೆ. ನನ್ ತಲೆ ಹಿಂದೇನೇ ನಿಂತಿದಾರೆ. ನಂಗೆ ಮುಡಿಯಕ್ಕೆ ಕೂದಲಿಲ್ವಲ್ಲ, ಹೊಟ್ಟೆ ಉರಿಸಕ್ಕೆ ಬಂದಿರ್ಬೇಕು."

ನಕ್ಕೆ. ಆಮೇಲೆ ನನಗೂ ವಾಸನೆ ಬಂತು. ಸಿಹಿಯಾದ ವಾಸನೆ, ಅದರಡಿಯಲ್ಲಿ ಏನೋ ಕೊಳೆತಂತೆ. ಬಾಗಿಲ ಹತ್ತಿರ ಇಲ್ಲವೇ ಇಲ್ಲ. ಮಂಚದ ತಲೆಯ ಕಡೆ ಹೋದರೆ ದಟ್ಟ. ಮಂಚಕ್ಕೂ ಗೋಡೆಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗವಿತ್ತು. ಆ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ.

ಸಂಜೆ ಅವಳಿಗೆ ಚಳಿ ಹತ್ತಿತು. ಹಣೆ ಮುಟ್ಟಿದರೆ ಸುಡುತ್ತಿತ್ತು.

ಮಂಗಳೂರು ಕಡೆಯ ನರ್ಸ್ ಒಬ್ಬರಿದ್ದರು. ಅವರು ಡಾಕ್ಟರನ್ನು ಕರೆಸಿದರು, ಪರೀಕ್ಷೆಗೆ ರಕ್ತ ತೆಗೆದು ಡ್ರಿಪ್ ಹಾಕಿದರು. ವಾಸನೆಯ ವಿಷಯ ಹೇಳಿದೆ. ಅವರು ನಗಲಿಲ್ಲ. ತಂಗಿಯ ತಲೆಯನ್ನು ಮೆಲ್ಲಗೆ ಎತ್ತಿ ದಿಂಬನ್ನು ಎಳೆದುಕೊಂಡು ಹೊರಗೆ ಒಯ್ದರು. ದಿಂಬಿನ ಕವರಿನೊಳಗೆ ಒದ್ದೆ ಬಟ್ಟೆಯ ಪುಟ್ಟ ಗಂಟಿತ್ತು. ಬಿಚ್ಚಿದರೆ ಕಪ್ಪಾದ ಸಂಪಿಗೆ, ಮೇಲೆ ಹತ್ತಿಯ ಹಾಗೆ ಎದ್ದ ಬಿಳಿ ಬೂಷ್ಟು.

ಹೊರಗೆ ಬೆಂಚಿನ ಮೇಲೆ ಕೂತಿದ್ದ ನಮ್ಮ ಅಜ್ಜಿ ತಟ್ಟನೆ ಎದ್ದಳು. "ಎಸೀಬೇಡೀಮ್ಮ ಅದನ್ನ. ದೇವಿ ಬಲಗಡೆ ಕೊಟ್ಟಿರೋದು."

ತ್ಯಾಗರಾಜನಗರದ ನಮ್ಮ ಮನೆ ಹತ್ತಿರದ ಗುಡಿಯಲ್ಲಿ, ಮೊಮ್ಮಗಳು ಉಳೀತಾಳಾ ಎಂದು ಮನಸ್ಸಿನಲ್ಲೇ ಕೇಳಿಕೊಂಡು ನಿಂತಿದ್ದಾಗ ವಿಗ್ರಹದ ಬಲಗಡೆಯಿಂದ ಆ ಹೂವು ಬಿದ್ದಿತ್ತಂತೆ. ಬಲಗಡೆ ಬಿದ್ದರೆ ದೇವಿ ಒಪ್ಪಿದಳೆಂದು ಅರ್ಥ. ಹೂವು ಬಾಡಿದರೆ ದೇವಿಯ ಮಾತೂ ಬಾಡೀತೆಂದು ಹೆದರಿ, ನಾನು ಊಟಕ್ಕೆ ಹೋದಾಗಲೆಲ್ಲ ಬಟ್ಟೆ ಒದ್ದೆ ಮಾಡಿ ಮತ್ತೆ ಒಳಗಿಡುತ್ತಿದ್ದಳು.

"ಸಾಯಿಸ್ಬಿಡ್ತಿದ್ಯಲ್ಲ ಅಜ್ಜಿ ಅವಳನ್ನ!" ಕಿರುಚಿದೆ.

"ನೀವು ಸ್ವಲ್ಪ ಸುಮ್ನಿರಿ ಮಾರಾಯ್ರೆ," ಎಂದು ನರ್ಸ್ ನನ್ನ ಭುಜ ಹಿಡಿದರು. ಅಜ್ಜಿಯ ಕಡೆ ತಿರುಗಿದರು. "ಎಸೆಯುದಿಲ್ಲ ಅಜ್ಜಿ. ಆದ್ರೆ ಒಳಗಿದ್ರೆ ಮಗುವಿಗೆ ಆಗುದಿಲ್ಲ. ಬಾಟ್ಲಿಗೆ ಹಾಕಿ ಮುಚ್ಚಿ, ಕಿಟಕಿ ಹೊರಗೆ ಇಡುವಾ. ಗಾಜಿನಾಚೆಯಿಂದ ಅವಳಿಗೆ ಕಾಣ್ತದೆ. ದೇವಿಗೆ ಕಾಣುದಿಲ್ವಾ?"

ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ತಂಗಿಯನ್ನು ಆಗಲೇ ಪಕ್ಕದ ಕೋಣೆಗೆ ಸಾಗಿಸಿದರು. ಹಾಸಿಗೆ, ದಿಂಬು ಎಲ್ಲ ಬೇರೆ. ಬಿಗಿಯಾಗಿ ಮುಚ್ಚಿದ ಬಾಟಲಿ ಕಿಟಕಿಯಾಚೆ. ಆದರೂ ಕತ್ತಲಾಗುವ ಹೊತ್ತಿಗೆ ಅವಳು ನಡುಗುತ್ತ ಹೇಳಿದಳು, "ಸಿಸ್ಟರ್, ಅವ್ರು ಇಲ್ಲಿಗೂ ಬಂದ್ರು."

ಯಾರೂ ಇಲ್ಲ ಎನ್ನಲಿ ಎಂದು ನಾನು ಕಾದೆ. ನರ್ಸ್ ಒಂದು ಕ್ಷಣ ಉಸಿರೆಳೆದುಕೊಂಡು ನೋಡಿದರು. "ಹೌದು, ನನಗೂ ವಾಸನೆ ಬರ್ತದೆ," ಎಂದರು. ಸ್ಟೂಲು ಎತ್ತಿಕೊಂಡು ಮಂಚಕ್ಕೂ ಗೋಡೆಗೂ ನಡುವಿನ ಜಾಗಕ್ಕೆ ಹೋಗಿ ಕೂತರು. "ಈಗ ಇಲ್ಲಿ ನಾನಿದ್ದೇನೆ. ಬೇರೆಯವರಿಗೆ ಜಾಗ ಇಲ್ಲ. ನೀನು ಮಲಗು."

ಡ್ಯೂಟಿ ಮುಗಿದ ಮೇಲೂ ಅವರು ಏಳಲಿಲ್ಲ. ತಂಗಿ ಕೈ ಹಿಂದಕ್ಕೆ ಚಾಚಿ ಅವರ ಬೆರಳು ಹಿಡಿದುಕೊಂಡೇ ನಿದ್ದೆಹೋದಳು.

ಜ್ವರ ಇಳಿಯಲು ಬಹಳ ದಿನ ಹಿಡಿಯಿತು. ಹೂವಿನಿಂದಲೇ ಬಂತೋ ಇಲ್ಲವೋ, ಡಾಕ್ಟರು ಖಚಿತವಾಗಿ ಹೇಳಲಿಲ್ಲ. ತಮಗೂ ವಾಸನೆ ಬರುತ್ತದೆ ಎಂದು ನರ್ಸ್ ಅಂದದ್ದು ತಂಗಿಯ ಸಮಾಧಾನಕ್ಕೆ ಎಂದುಕೊಳ್ಳಬಹುದಿತ್ತು. ಆದರೆ ಹೂವಿಲ್ಲದ ಆ ಎರಡನೇ ಕೋಣೆಯಲ್ಲಿ ನನಗೂ ವಾಸನೆ ಬಂದಿತ್ತು.

ಈಗ ತಂಗಿಗೆ ಜಡೆ ಹಾಕುವಷ್ಟು ಕೂದಲಿದೆ. ಗಾಂಧಿಬಜಾರಿನಲ್ಲಿ ಸಂಪಿಗೆ ಕಂಡರೆ ಕೊಂಡು ಅಲ್ಲೇ ನಿಂತು ಮುಡಿಯುತ್ತಾಳೆ. ನನ್ನ ಕೈ ತಾನಾಗಿ ಅವಳ ಹಣೆಗೆ ಹೋಗುತ್ತದೆ.

"ತಣ್ಣಗಿದೆ ಕಣೇ, ಬಿಡು," ಎಂದು ನಗುತ್ತಾಳೆ. ನಾನು ಇನ್ನೂ ಸ್ವಲ್ಪ ಹೊತ್ತು ಕೈ ತೆಗೆಯುವುದಿಲ್ಲ.