ನಲ್ಲಪ್ಪನ ಕೆಂಪು ಬಲ್ಬು

ಬಾಗಲಗುಂಟೆಯಲ್ಲಿ ಮೈಕ್ ಸೆಟ್ ಬೇಕೆಂದು ಹೋದವರಿಗೆ ನಲ್ಲಪ್ಪ ಅಷ್ಟು ಸುಲಭಕ್ಕೆ ಸೆಟ್ ಕೊಡುವವನಲ್ಲ. ಹೆಣ್ಣು ನೋಡಲು ಬಂದ ಬೀಗರಂತೆ ಮೊದಲು ಎಲ್ಲವನ್ನೂ ವಿಚಾರಿಸುತ್ತಾನೆ. "ಪಕ್ಕದ ಮನೇಲಿ ಬಾಣಂತಿ ಅವ್ಳಾ? ಎದುರು ಮನೆಯೋರಿಗೆ ನೈಟ್ ಶಿಫ್ಟಾ?" ನಾಮಕರಣಕ್ಕೆ ನಾಲ್ಕು ಹಾರ್ನ್ ಕೇಳಿದವರನ್ನು, "ಮಗೀಗೆ ಎಸ್ರಿಡ್ತೀರೋ, ಕಿವುಡು ಮಾಡ್ತೀರೋ?" ಎಂದು ಗದರಿ, ಒಂದೇ ಒಂದು ಪೆಟ್ಟಿಗೆ ಸ್ಪೀಕರ್ ಕೊಟ್ಟು ಕಳಿಸುತ್ತಾನೆ. ಮದುವೆಯಾದರೆ ಮಾತ್ರ ಧಾರಾಳಿ: ಬೊಂಬಿಗೆ ಎರಡು ಹಾರ್ನ್, ಚಪ್ಪರದ ತುಂಬ ಬಣ್ಣದ ಸೀರಿಯಲ್ ಸೆಟ್ಟು. ಹಾಡಿನ ರೆಕಾರ್ಡುಗಳು ಬಿಸಿಲಿಗೆ ಸೊಟ್ಟಗಾಗಬಾರದೆಂದು ಅವಕ್ಕೆ ಕೊಡೆ ಹಿಡಿದು ತಾನು ಬಿಸಿಲಲ್ಲಿ ನಿಲ್ಲುತ್ತಾನೆ. ಬೇರೆಯವರೆಲ್ಲ "ಹಲೋ, ಮೈಕ್ ಟೆಸ್ಟಿಂಗ್" ಎಂದರೆ, ಇವನು ಒಂದು ಹಾರ್ನನ್ನು ತನ್ನ ಮನೆಯ ಕಡೆ ತಿರುಗಿಸಿ, "ಮಾರೀ, ಉಂಡ್ಯಾ?" ಎನ್ನುತ್ತಿದ್ದ. ಊರೆಲ್ಲ ನಗುತ್ತಿತ್ತು. ಪೀಣ್ಯದ ಫ್ಯಾಕ್ಟರಿಯಲ್ಲಿ ಪ್ರೆಸ್ ಮೆಷಿನ್ನಿನ ಸದ್ದಿಗೆ ಕಿವಿ ಮಂದವಾಗಿದ್ದ ಹೆಂಡತಿ ಮಾರಕ್ಕನಿಗೆ ಕೇಳಿಸುತ್ತಿದ್ದುದು ಆ ಹಾರ್ನಿನ ದನಿಯೊಂದೇ. ಹೋದ ವರ್ಷ ಅದೂ ಕೇಳಿಸದಾಯಿತು. ಈಗ ಮದುವೆಯವರು ಹೇಳದಿದ್ದರೂ ನಲ್ಲಪ್ಪ ಬೊಂಬಿನ ತುದಿಗೆ ಒಂದು ಕೆಂಪು ಬಲ್ಬು ಕಟ್ಟುತ್ತಾನೆ. "ಇದ್ಯಾಕಣ್ಣ?" ಎಂದರೆ, "ಶೋಕಿಗೆ ಕಣೋ" ಎಂದು ಮುಖ ತಿರುಗಿಸುತ್ತಾನೆ. ಸಂಜೆ ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ ಆ ಬಲ್ಬನ್ನು ಒಮ್ಮೆ ಆರಿಸಿ ಮತ್ತೆ ಹಚ್ಚುತ್ತಾನೆ. ಆಚೆ ಬೀದಿಯ ತಾರಸಿಯ ಮೇಲೆ ಮಾರಕ್ಕನ ಟಾರ್ಚು ಮಿನುಗಿ, ಅವಳು ಉಂಡಳೆಂದು ತಿಳಿಯುವವರೆಗೂ, ಬೀಗರೇ ಬಂದು ಕರೆದರೂ ನಲ್ಲಪ್ಪ ಎಲೆಯ ಮುಂದೆ ಕೂರುವುದಿಲ್ಲ.